ಖಂಡೇಪೂಜೆ ಮಾಡಿಸಿಕೊಂಡ ಕಂಪ್ಯೂಟರ್

ಸಾಹುಕಾರರು ಎಲ್ಲಾ ಊರಾಗೂ ಇರ್ತಾರ. ನಾ ಇವತ್ತಿನ ಪ್ರವಚನದಾಗ ಹೇಳೋ ಊರಾಗೂ ಒಬ್ಬ ಇದ್ದ. ಗಂಟೂ ದೊಡ್ಡದು, ಮನಸ್ಸೂ ದೊಡ್ಡದು. ನಗಬ್ಯಾಡ್ರಿ, ಎರಡೂ ಒಬ್ಬನ ಹತ್ರ ಇರೋದು ಅಪರೂಪ ಅಂತ ನನಗೂ ಗೊತ್ತೈತಿ. ಅವನ ಅಪ್ಪ ಕ್ಷಯರೋಗದಿಂದ ಕೆಮ್ಮಿ ಕೆಮ್ಮಿ ಸತ್ತಿದ್ದ. ಅದನ್ನ ಕಣ್ಣಾರೆ ಕಂಡ ಮಗ, ನಮ್ಮೂರಾಗ ಇನ್ನೊಬ್ಬರು ಈ ರೋಗಕ್ಕ ಸಾಯಬಾರದು ಅಂತ ಹಟ ಹಿಡಿದು ದವಾಖಾನಿ ಕಟ್ಟಿಸಿದ. ಔಷಧ ಎಲ್ಲಾ ಪುಕ್ಕಟೆ.

ಆದರ ನೋಡ್ರಿ, ಕ್ಷಯದ ಗುಳಿಗಿ ಒಂದಿನ ನುಂಗಿ ಬಿಡೋದಲ್ಲ. ತಿಂಗಳುಗಟ್ಟಲೆ, ದಿನಾ, ತಪ್ಪದಂಗ ನುಂಗಬೇಕು. ಸ್ವಲ್ಪ ಆರಾಮ ಆದಕೂಡಲೆ ಮಂದಿ ಬಿಟ್ಟುಬಿಡ್ತಾರ. ಬಿಟ್ಟರ ರೋಗ ಮೊದಲಿಗಿಂತ ಜೋರಾಗಿ ತಿರುಗಿ ಬರ್ತೈತಿ. ಅದಕ್ಕ ಸಾಹುಕಾರ ಏನ್ ಮಾಡಿದ? ದವಾಖಾನ್ಯಾಗ ಒಂದು ಕಂಪ್ಯೂಟರ್ ಇಡಿಸಿದ. ದಿನಾ ಮುಂಜಾನೆ ಎಂಟಕ್ಕ ಅದು ತಾನಾಗೇ ಎಲ್ಲಾ ರೋಗಿಗಳಿಗೂ ಫೋನ್ ಹಚ್ಚಬೇಕು. ಒಳಗ ಸಾಹುಕಾರನದೇ ಧ್ವನಿ: “ಗುಳಿಗಿ ನುಂಗಿದ್ರೇನು? ಮರೀಬ್ಯಾಡ್ರಿ.” ಒಮ್ಮೆ ಹೊತ್ತು ಗೊತ್ತು ಮಾಡಿಟ್ಟರ ಮುಗೀತು, ಯಾರೂ ಗುಂಡಿ ಒತ್ತಬೇಕಾಗಿಲ್ಲ. ಫೋನ್ ಹಚ್ಚೋದು ಮುಗಿದ ಮ್ಯಾಲ ಪರದೆ ಮ್ಯಾಲ ಹಸಿರು ಅಕ್ಷರ ಬೀಳ್ತಿದ್ದವು: ‘ಕೆಲಸ ಪೂರ್ಣ’. ಭಾಳ ದಿನ ಭಾಳ ಛಂದ ನಡೀತು.

ಮಹಾನವಮಿ ಬಂತು. ನಮ್ಮ ಮಂದಿ ಖಂಡೇಪೂಜಿ ಬಿಡ್ತಾರೇನು? ಕುಡಗೋಲಿನಿಂದ ಹಿಡಿದು ಜೆಸಿಬಿ ತನಕ ಎಲ್ಲಕ್ಕೂ ಪೂಜಿ! ದವಾಖಾನಿ ಮ್ಯಾನೇಜರ್ ಗುರುಪಾದಪ್ಪ ಅಂತೂ ಭಾರೀ ಭಕ್ತ. ಕಂಪ್ಯೂಟರಿನ ವೈರು ಕಿತ್ತು, ಹೊತ್ತು ತಂದು, ತೂಕದ ಯಂತ್ರದ ಬಾಜೂಕ ಇಟ್ಟು, ವಿಭೂತಿ ಹಚ್ಚಿ, ಚೆಂಡು ಹೂವು ಏರಿಸಿ, ಕಾಯಿ ಒಡೆದ. ಮರುದಿನ ಬನ್ನಿ ಕೊಟ್ಟು ಬಂದು ಸಂಜೀಮುಂದ ತಿರುಗಿ ಜೋಡಿಸಿದ.

ಆ ಯಂತ್ರದ ಹೊಟ್ಟ್ಯಾಗ ಒಂದು ಸಣ್ಣ ಸೆಲ್ ಇರ್ತೈತಿ. ಕರೆಂಟ್ ಇಲ್ಲದಾಗ ವ್ಯಾಳ್ಯಾ ನೆನಪಿಡೋದು ಅದರ ಕೆಲಸ. ಆ ಸೆಲ್ ಯಾವಾಗೋ ಸತ್ತಿತ್ತು. ವೈರು ಕಿತ್ತಕೂಡಲೆ ಕಂಪ್ಯೂಟರಿಗೆ ಹೊತ್ತಿನ ಖಬರೇ ತಪ್ಪಿತು. ನಮಗ ಸಂಜಿ, ಅದಕ್ಕ ನಡುರಾತ್ರಿ! ಇನ್ನ ಅದರ ಲೆಕ್ಕದಾಗ ಮುಂಜಾನೆ ಎಂಟು ಆಗೋದು ಯಾವಾಗ? ನಾವು ನೀವು ಗೊರಕಿ ಹೊಡಿಯೋ ಹೊತ್ತಿನಾಗ.

ಪರದೆ ಮೂಲ್ಯಾಗ ಟೈಮ್ ತಪ್ಪೈತಿ ಅಂತ ನರ್ಸಮ್ಮ ಹೇಳಿದಳ್ರಿ. ಗುರುಪಾದಪ್ಪ ಏನಂದ? “ಟೈಮ್ ನೋಡಾಕ ಗ್ವಾಡಿ ಮ್ಯಾಲ ಗಡಿಯಾರ ಐತಲ್ಲವಾ. ಈಗರ ಪೂಜಿ ಆಗೇತಿ, ಸುಮ್ನ ಅದನ್ನ ಕೆದಕಬ್ಯಾಡ.”

ಮುಗೀತು. ಮಂದಿ ಮಲಗಿದಾಗ ಕರೆ. ಕೆಲವರು ಎತ್ತಲಿಲ್ಲ, ಕೆಲವರ ಫೋನೇ ಬಂದ್, ಎತ್ತಿದವರು ನಿದ್ದಿಗಣ್ಣಾಗ ಕಟ್ ಮಾಡಿ ಹೊಳ್ಳಿ ಮಲಗಿದರು. ಕಂಪ್ಯೂಟರ್ ಮಾತ್ರ ಕರೆ ಹಚ್ಚೋದು ಹಚ್ಚೇ ಹಚ್ಚಿತು, ‘ಕೆಲಸ ಪೂರ್ಣ’ ಅಂತ ಬರೆದೇ ಬರೀತು. ಸಾಹುಕಾರ ದಿನಾ ಕೇಳ್ತಿದ್ದ, “ಗುರುಪಾದಪ್ಪಾ, ಕರೆ ಹೋದವೇನು?” ಅವನು ಪರದೆ ನೋಡಿ ಹೇಳ್ತಿದ್ದ, “ಹೋದವ್ರಿ ಸಾವಕಾರ್ರ.” ಸುಳ್ಳು ಹೇಳಿದನೇನು? ಇಲ್ಲ. ಖರೇನಽ ಹೇಳಿದ.

ಹಿಂಗಽ ಕೆಲವು ತಿಂಗಳು ಕಳದ ಮ್ಯಾಲ ಒಂದಿನ ಸಾಹುಕಾರ ದವಾಖಾನಿಗೆ ಬಂದಾಗ ಒಬ್ಬಾಕಿನ್ನ ಹೊತ್ತು ತಂದರು. ರೊಟ್ಟಿ ಬಡಿದು ಮಾರೋ ರುದ್ರವ್ವ. ಎಲುಬಿನ ಹಂದರ ಆಗ್ಯಾಳ, ಸೆರಗಿಗೆ ರಕ್ತ. ಸಣ್ಣ ಮಗಳು ಅವ್ವನ ಕೈ ಬಿಡವಲ್ಲಳು.

“ಯಾಕವಾ, ಗುಳಿಗಿ ನುಂಗಲಿಲ್ಲೇನು?” ಸಾಹುಕಾರ ಕೇಳಿದ.

“ನೀವಽ ಬಿಡಿಸಿದ್ರಲ್ರೀ ಯಪ್ಪಾ.”

“ನಾನಾ?”

“ದಿನಾ ಮುಂಜಾನೆ ಹೇಳತಿದ್ರಿ, ನುಂಗತಿದ್ದೆ. ಹೇಳೋದು ನಿಲ್ಲಿಸಿದ್ರಿ. ನನಗ ಆರಾಮ ಆತು, ಇನ್ನ ಬ್ಯಾಡ ಅಂತಽ ನಿಲ್ಲಿಸ್ಯಾರ ಅಂದ್ಕೊಂಡೆ. ನಿಮ್ಮ ಹೆಸರಲೆ ಗುಡಿಯಾಗ ಕಾಯಿ ಒಡಸಿದ್ನಿರಿ.”

ಸಾಹುಕಾರ ಗುರುಪಾದಪ್ಪನ್ನ ಕರೆದು ಬೈದ. ಅವನು ಕಂಪ್ಯೂಟರ್ ಮುಟ್ಟಿ ಆಣೆ ಮಾಡಿದ, “ಎಲ್ಲಾ ಕರೆ ಹೋಗ್ಯಾವ್ರಿ!” ಆಗ ಸಾಹುಕಾರ ಒಂದು ಶಾಣ್ಯಾತನದ ಕೆಲಸ ಮಾಡಿದ. “ರೋಗಿಗಳ ಜೋಡಿ ನನ್ನ ನಂಬರೂ ಹಾಕು,” ಅಂದ. ಮರುದಿನ ಎಂಟಕ್ಕ ಫೋನ್ ತೊಡಿ ಮ್ಯಾಲ ಇಟ್ಕೊಂಡು ಕುಂತ. ಎಂಟಾತು, ಒಂಬತ್ತಾತು, ಫೋನ್ ಸುಮ್ನ ಐತಿ. ದವಾಖಾನಿಗೆ ಹೋಗಿ ಕೇಳಿದರ ಗುರುಪಾದಪ್ಪ, “ನಿಮಗೂ ಹೋಗೇತ್ರಿ, ನೋಡ್ರಿಲ್ಲೆ ಹಸಿರು!” ಅಂದ. ಮನ್ಯಾಗ ಹೆಂಡತಿ ಹೇಳಿದಳು, “ರಾತ್ರಿ ಯಾವುದೋ ಫೋನ್ ಬಡಕೊಂತಿತ್ತು. ನೀವು ಕುಂಭಕರ್ಣನಂಗ ಬಿದ್ದಿದ್ರಿ, ನಾನಽ ಬಂದ್ ಮಾಡಿದೆ.”

ಸಿಕ್ಕಿತು! ಗಡಿಯಾರ ನೋಡಿದರು, ಸೆಲ್ ಬದಲಿಸಿದರು, ವ್ಯಾಳ್ಯಾ ಸರಿ ಮಾಡಿದರು. ಇಷ್ಟಕ್ಕ ಕಥಿ ಮುಗಿಸಿದರ ನಾ ಮಠ ಬಿಟ್ಟು ರಿಪೇರಿ ಅಂಗಡಿ ಇಡಬೇಕಾಗ್ತೈತಿ. ಸಾಹುಕಾರ ಯಂತ್ರ ತಗದು ಒಗೀಲಿಲ್ಲ, ಅದರದೇನು ತಪ್ಪು? ಅವನು ತನ್ನ ಪ್ರಶ್ನೆ ಬದಲಿಸಿದ. ಕರೆ ಹೋತೇನು ಅಂತ ಕೇಳೋದು ಬಿಟ್ಟ. ಗುಳಿಗಿ ಹೊಟ್ಟಿಗೆ ಹೋತೇನು ಅಂತ ಕೇಳಾಕ ಹತ್ತಿದ. ಫೋನ್ ಎತ್ತದವರ ಮನಿಗೆ ಅವತ್ತಽ ಯಾರರ ನಡಕೊಂತ ಹೋಗಬೇಕು ಅಂತ ಕಟ್ಟಾಜ್ಞೆ ಮಾಡಿದ. ಮೊದಲು ತಾನಽ ಚಪ್ಪಲಿ ಮೆಟ್ಟಿದ. ರುದ್ರವ್ವನ ಕಾಟಿನ ಹತ್ರ ದಿನಾ ನಿಂತು, ಆಕಿ ನುಂಗಿ ನೀರು ಕುಡಿಯೋ ತನಕ ಕದಲತಿರಲಿಲ್ಲ. ಆಕಿ ಉಳದಳು. ಆದರ ರೊಟ್ಟಿ ಬಡಿಯೋ ದಮ್ಮು ತಿರುಗಿ ಬರಲಿಲ್ಲ. ಅದನ್ನ ಯಾರೂ ರಿಪೇರಿ ಮಾಡಾಕ ಆಗಲಿಲ್ಲ.

ಈಗ ನಿಮ್ಮ ಕಡೆ ಬರ್ತೀನಿ. ಮುಂಜಾನೆ ಎದ್ದು ಪೂಜಿ ಮಾಡ್ತೀರಿ. ಕೈ ವಿಭೂತಿ ಹಚ್ಚತೈತಿ, ಬಾಯಿ ಮಂತ್ರ ಹೇಳತೈತಿ, ಮನಸ್ಸು ಬಜಾರದಾಗ. ಪೂಜಿ ಆತೇನು ಅಂದರ, ಆತ್ರಿ! ಫೋನಿನ ಗುಂಪಿನಾಗ ದಿನಾ ಹೂವಿನ ಚಿತ್ರ ಕಳಸ್ತೀರಿ. ಯಾರಿಗೆ ಮುಟ್ಟಿತು? ದೇವರಽ ಬಲ್ಲ. ಹೆಂಡತಿಗೆ “ಆರಾಮ ಅದೀಯಾ?” ಅಂತ ಕೇಳಿ, ಆಕಿ ಬಾಯಿ ತೆಗೆಯೋದರಾಗ ಹೊಸ್ತಿಲಾ ದಾಟಿರ್ತೀರಿ. ಕೇಳಿದ್ದು ಪೂರ್ಣ, ಕೆಲಸ ಪೂರ್ಣ! ಎಲ್ಲಾ ತಾನಾಗೇ ನಡದೈತಿ ಅಂತ ನೆಟ್ಟಗ ನಿದ್ದಿ ಮಾಡ್ತೀರಿ. ಅಲ್ರೀ, ನಡದೈತಿ ಖರೆ. ಮುಟ್ಟೇತೇನು?

ನಾಳಿಂದ ಒಂದು ಕೆಲಸ ಮಾಡ್ರಿ. ನಿಮ್ಮ ಮನ್ಯಾಗ ರೂಢಿಗೆ ಬಿದ್ದು ತಾನಾಗೇ ನಡೆಯೋದು ಯಾವುದಾದರೂ ಒಂದನ್ನ ಹಿಡೀರಿ. ಅದು ಯಾರಿಗಾಗಿ ನಡದೈತೋ ಅವರ ಮುಂದ ಹೋಗಿ ಕುಂದರ್ರಿ. ಮುಟ್ಟತೇನು ಅಂತ ಕೇಳ್ರಿ. ಉತ್ತರ ಬರೋ ತನಕ ಏಳಬ್ಯಾಡ್ರಿ.

ನಾಳೆ ಯಾಕ, ಇವತ್ತಽ ಶುರು ಮಾಡೂಣು. ನಿಮ್ಮ ಮಗ್ಗಲದಾಗ ದಿನಾ ಕುಂದರೋರು ಯಾರು ಇವತ್ತು ಬಂದಿಲ್ಲ? ಹೊಳ್ಳಿ ನೋಡ್ರಿ. ಜಾಗಾ ಖಾಲಿ ಐತಿ ಅಂತ ಕಾಲು ಚಾಚಿ ಆರಾಮ ಕುಂತೀರಿ, ಯಾಕ ಬಂದಿಲ್ಲ ಅಂತ ಕೇಳಿದವರು ಒಬ್ಬರಿಲ್ಲ. ಏಳ್ರಿ. ಮೊದಲು ಅವರ ಮನಿ ಬಾಗಿಲಾ ಬಡದು ಬರ್ರಿ. ಪ್ರಸಾದ ಆಮ್ಯಾಲ.