ಪೆನ್ಸಿಲಿಗಿಂತ ಸಪೂರದ ಗುಂಡು

…ಇಲ್ಲ, ನಿಮ್ಮಪ್ಪ ಬೇಟೆಗಾರ ಅಲ್ಲ, ಯಾವತ್ತೂ ಆಗಿರಲೂ ಇಲ್ಲ. ಆ ಫೋಟೋದಲ್ಲಿ ಬೇಟೆಗಾರರ ಕಿತ್ತಳೆ ಜಾಕೆಟ್ ಹಾಕ್ಕೊಂಡು ನಿಂತಿದಾನೆ ಅಂದ ಮಾತ್ರಕ್ಕೆ ಆಗಿಬಿಡಲ್ಲ. ನೇಹಾ, ಬೆನ್ನು ನೆಟ್ಟಗೆ ಮಾಡಿ ಕೂತ್ಕೋ, ಹೇಳ್ತೀನಿ. ಈಶಾನ, ನೀನೂ ಕೇಳು, ಆಗ ನೀನು ನಿಮ್ಮಮ್ಮನ ಹೊಟ್ಟೇಲಿದ್ದೆ. ಅದು ಕೋವಿಡ್ ವರ್ಷ. ಅಂಗಡಿ ಮುಂದೆ ಆರಾರು ಅಡಿ ಬಿಟ್ಟು ನಿಂತ್ಕೋಬೇಕು, ನಮ್ಮ ಇಂಡಿಯನ್ ಸ್ಟೋರ್‌ನಲ್ಲಿ ಮನೆಗೊಂದೇ ಚೀಲ ಅಕ್ಕಿ, ತೊಗರಿಬೇಳೆ ಇದ್ರೆ ಇತ್ತು, ಇಲ್ದಿದ್ರೆ ಇಲ್ಲ. ಬೇಳೆ ಕಾಣದ ಸಾರು ಎಷ್ಟು ವಾರ ಮಾಡಿದೆ ಅಂತ ಕೇಳ್ಬೇಡಿ. ಅದನ್ನ ನಾನು ಕಷ್ಟ ಅಂತ ಕರೆಯಲ್ಲ. ಕಷ್ಟ ಬಂದಿದ್ದು ಬೇಸಿಗೆಯಲ್ಲಿ, ಎಲ್ ಸೆಗುಂಡೋದಲ್ಲಿ ನಿಮ್ಮಪ್ಪನ ಕೆಲಸ ಹೋದಾಗ. ಈ ಅಮೆರಿಕದಲ್ಲಿ ಕೆಲಸ ಹೋದ್ರೆ ಸಂಬಳ ಒಂದೇ ಹೋಗಲ್ಲ, ಅದರ ಹಿಂದೆ ಆಸ್ಪತ್ರೆ ಖರ್ಚಿನ ಇನ್ಶೂರೆನ್ಸೂ ಹೋಗುತ್ತೆ. ಅವರ ಆಫೀಸಿನವರು ದೊಡ್ಡ ಮನಸ್ಸು ಮಾಡಿ, ಇನ್ಶೂರೆನ್ಸ್ ಡಿಸೆಂಬರ್ ಕೊನೇವರೆಗೆ ಇರಲಿ ಅಂದ್ರು. ನಿಮ್ಮಮ್ಮ ವಸುಧೆಗೆ ದಿನ ತುಂಬೋದು ಜನವರಿಯಲ್ಲಿ. ಅರ್ಥ ಆಯ್ತಲ್ಲ? ಡಿಸೆಂಬರ್ ಮುಗಿಯೋದರೊಳಗೆ ಇವನಿಗೊಂದು ಕೆಲಸ ಸಿಗಬೇಕು. ಸಿಗದಿದ್ರೆ ಯಾವ ಧೈರ್ಯದ ಮೇಲೆ ಆಸ್ಪತ್ರೆ ಬಾಗಿಲು ತಟ್ಟೋದು? ವಸುಧೆ ಅದನ್ನ ಬಾಯಿಬಿಟ್ಟು ಹೇಳ್ತಿರಲಿಲ್ಲ. ಕ್ಯಾಲೆಂಡರ್ ಮುಂದೆ ನಿಂತ್ಕೊಳ್ತಿದ್ದಳು, ಅಷ್ಟೇ.

ಸೆಪ್ಟೆಂಬರಿನಲ್ಲಿ, ಅಲ್ಲ, ಆಗಸ್ಟ್ ಕೊನೇಲಿ, ಸ್ಯಾನ್ ಡಿಯಾಗೋದ ಒಂದು ಕಂಪನಿಯಿಂದ ಇಂಟರ್‌ವ್ಯೂ ಬಂತು. ಗಾಳಿಗೆ ಆಂಟೆನಾ ನಡುಗದ ಹಾಗೆ ನಿಲ್ಲಿಸೋ ಕೆಲಸ. ನಿಮ್ಮಪ್ಪ ಗಿರೀಶ ಓದಿದ್ದೂ ಅದನ್ನೇ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತ, ಮೇಲೆ ಕೋಟು ಟೈ, ಮೇಜಿನ ಕೆಳಗೆ ಪಂಚೆ. ನಾನು ಅಡುಗೆಮನೆಯಲ್ಲಿದ್ದೆ, ಎಲ್ಲ ಕೇಳಿಸ್ತಿತ್ತು. ತೆರೆ ಮೇಲೆ ವಾಲ್ಟ್ ಅಂತ ಮ್ಯಾನೇಜರ್ ಒಬ್ಬರು ಬಂದ್ರು, ಇನ್ನೂ ಇಬ್ಬರು ಸೇರಬೇಕಿತ್ತು. ಅವರು ಬರೋವರೆಗೆ ವಾಲ್ಟ್ ಬಿಸಿಲಿನ ವಿಚಾರ ಕೇಳಿದ್ರು, ನಾವಿರೋ ರೆಡೊಂಡೊ ಬೀಚ್ ಹೇಗಿದೆ ಅಂತ ಕೇಳಿದ್ರು, ಆಮೇಲೆ, ನಾವು ಕೆಲವರು ವರ್ಷಾ ವರ್ಷಾ ಗುಡ್ಡಕ್ಕೆ ಜಿಂಕೆ ಬೇಟೆಗೆ ಹೋಗ್ತೀವಿ, ನೀನು ಬೇಟೆ ಆಡ್ತೀಯಾ ಅಂದ್ರು. ಪಕ್ಕದ ಮನೆಯ ಆಮ್ಲೆಟ್ ವಾಸನೆಗೆ ಕಿಟಕಿ ಮುಚ್ಚೋ ನನ್ನ ಮಗ "ಓ, ಖಂಡಿತ" ಅಂದ. ಹಾಗಾದ್ರೆ ಒಂದ್ಸಲ ಬಾ ಅಂದ್ರು ಅವರು. ಅಷ್ಟರಲ್ಲಿ ಉಳಿದಿಬ್ಬರು ಬಂದ್ರು, ಮಾತು ಆಂಟೆನಾ ಕಡೆ ಹೋಯ್ತು.

ಮುಗಿದ ಮೇಲೆ ಕೇಳಿದೆ, "ಏನೋ ಇದು, ಸುಳ್ಳು ಹೇಳ್ದೆ?"

"ಸುಳ್ಳಲ್ಲಮ್ಮ. ಟೀಮ್ ಫಿಟ್. ಅವರ ಜೊತೆ ಹೊಂದ್ಕೋತೀನಿ ಅಂತ ತೋರಿಸೋದು."

ನಾನು ಓದಿದ ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್‌ಗಳು ಅದಕ್ಕೆ ಸುಳ್ಳು ಅಂತಲೇ ಹೆಸರಿಟ್ಟಿದ್ರು. ಇರಲಿ. ಕಂಪನಿಯವರು ಮನೆಯಲ್ಲೇ ಮಾಡಿ ಕಳಿಸು ಅಂತ ಒಂದು ಲೆಕ್ಕ ಕೊಟ್ಟರು, ಅದೇ ಆಂಟೆನಾ ಲೆಕ್ಕ. ಅವನಿಗೆ ಅದು ಎಡಗೈ ಕೆಲಸ. ಎಡಗೈ ಕೆಲಸ ಅಂತಲೇ ಪಕ್ಕಕ್ಕಿಟ್ಟ. ಬಲಗೈಗೆ ಬಂದೂಕು ಬೇಕಿತ್ತಲ್ಲ. ಯಾವತ್ತು ಬರಲಿ ಅಂತ ವಾಲ್ಟ್‌ಗೆ ಬರೆದು ನವೆಂಬರಿನ ಒಂದು ಶನಿವಾರ ಗೊತ್ತು ಮಾಡಿಕೊಂಡ. ಆನ್‌ಲೈನಿನಲ್ಲೇ ಬೇಟೆ ಪಾಠ ಓದಿ, ಪರೀಕ್ಷೆ ಬರೆದು, ಕ್ಲಾಸಿಗೆ ಫಸ್ಟ್ ಬಂದವನ ಮುಖ ಮಾಡ್ಕೊಂಡು ಲೈಸೆನ್ಸ್ ತಂದ. ಬಂದೂಕು ಬಂತು. ಗುಂಡು ಮಾತ್ರ ಸಿಗಲಿಲ್ಲ, ಆ ವರ್ಷ ಊರೆಲ್ಲ ಹೆದರಿ ಗುಂಡು ಕೊಂಡಿಟ್ಕೊಂಡಿತ್ತು. ಒಂದು ಶನಿವಾರ ನಾನು ಬೇಳೆ ಕ್ಯೂನಲ್ಲಿ, ಇವನು ಗುಂಡಿನ ಕ್ಯೂನಲ್ಲಿ. ಇಬ್ಬರೂ ಬರಿಗೈಯಲ್ಲಿ ಬಂದ್ವಿ.

ಗುಂಡು ಇಲ್ಲದಿದ್ರೆ ಏನಾಯ್ತು, ಚರ್ಚೆ ಇತ್ತು. ಚರ್ಚೆಗೆ ಕುಲಕರ್ಣಿ ಬರ್ತಿದ್ದ, ನಿಮ್ಮ ಕುಲಕರ್ಣಿ ಅಂಕಲ್, ಧಾರವಾಡದವನು. ಕಲ್ವರ್ ಸಿಟಿಯಲ್ಲಿ ಸಿನಿಮಾದವರಿಗೆ ಕಂಪ್ಯೂಟರಿನಲ್ಲಿ ಪ್ರಾಣಿಗಳ ಮೈಕೂದಲು ಮಾಡಿಕೊಡೋ ಕೆಲಸ. ಜಿಂಕೆಯ ಒಂದೊಂದು ಕೂದಲೂ ಅವನಿಗೆ ಗೊತ್ತು, ಜಿಂಕೆ ನೋಡಿರಲಿಲ್ಲ. ಇವನ ಹಾಗೇ ಅವನೂ ಸಸ್ಯಾಹಾರಿ. ಹಿತ್ತಲಲ್ಲಿ ಎರಡು ಕುರ್ಚಿ ದೂರದೂರ ಹಾಕಿ, ಮಾಸ್ಕ್ ಗದ್ದಕ್ಕೆ ಇಳಿಸ್ಕೊಂಡು, ನಾನು ಮಾಡಿದ ಅವಲಕ್ಕಿ ತಿಂತಾ, ಇಷ್ಟು ದೊಡ್ಡ ಪ್ರಾಣಿ ಕೆಡವೋಕೆ ಚಿಕ್ಕ ಗುಂಡು ಸಾಕೋ ದೊಡ್ಡದೇ ಬೇಕೋ ಅಂತ ಶುರು ಮಾಡ್ತಿದ್ರು. ಆ ಗುಂಡುಗಳಿಗೆ ನಂಬರುಗಳಿವೆ, ಅವು ನಿಮಗೆ ಬೇಡ. ಚಿಕ್ಕದು ನಿನ್ನ ಪೆನ್ಸಿಲಿಗಿಂತ ಸ್ವಲ್ಪ ಸಪೂರ, ದೊಡ್ಡದು ಪೆನ್ಸಿಲಿಗಿಂತ ಸ್ವಲ್ಪ ದಪ್ಪ. ನಾನು ಸ್ಕೇಲ್ ತರಿಸಿ ನೋಡಿದೀನಿ, ಎರಡು ಮಿಲಿಮೀಟರು, ಅದರ ಮೇಲೊಂದು ಕೂದಲೆಳೆ. ಆ ಎರಡು ಮಿಲಿಮೀಟರಿನಲ್ಲಿ ಎರಡು ತಿಂಗಳು ಹೋಯ್ತು.

ಗಿರೀಶ ಚಿಕ್ಕ ಗುಂಡಿನ ಪಕ್ಷ. ಅದು ವೇಗವಾಗಿ ಹೋಗುತ್ತೆ, ಭುಜಕ್ಕೆ ಒದೆಯಲ್ಲ, ಒದೆಯಲ್ಲ ಅಂದ್ಮೇಲೆ ಕೈ ಅಲುಗಲ್ಲ, ಕೈ ಅಲುಗದಿದ್ರೆ ಗುರಿ ತಪ್ಪಲ್ಲ, ಸರಿಯಾದ ಜಾಗಕ್ಕೆ ಬಿದ್ರೆ ಗಾತ್ರ ಯಾಕೆ ಬೇಕು ಅಂತ. ಕುಲಕರ್ಣಿ ದೊಡ್ಡ ಗುಂಡಿನ ಪಕ್ಷ. "ಜಾಗಾ ತಪ್ಪಿದ್ರ? ಸಣ್ಣದಕ್ಕ ಅದು ಬೀಳೂದಿಲ್ಲೋ ಮಾರಾಯಾ, ಓಡ್ತದ. ಎಲ್ಲೋ ಪೊದಿಯೊಳಗ ಹೋಗಿ ನರಳ್ತದ, ನಾವು ಇಲ್ಲೆ ಸೆಲ್ಫಿ ತೊಗೋತಿರ್ತೀವಿ." ಇವನು ಒಂದು ಗ್ರಾಫ್ ತೋರಿಸಿದ್ರೆ ಅವನು ಎರಡು. ಒಬ್ಬನ ವೀಡಿಯೋದಲ್ಲಿ ಸಾಬೂನಿನ ಗಟ್ಟಿಗೆ ಹೊಡೀತಾರೆ, ಇನ್ನೊಬ್ಬನದರಲ್ಲಿ ಕಲ್ಲಂಗಡಿಗೆ. ನಡುವೆ ಇನ್ನೊಂದು ವಿಷಯ ಬಂತು, ಈ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ಬಳಸೋ ಹಾಗಿಲ್ವಂತೆ, ಸತ್ತ ಪ್ರಾಣಿ ತಿಂದ ರಣಹದ್ದುಗಳಿಗೆ ವಿಷ ಏರುತ್ತಂತೆ, ತಾಮ್ರದ್ದೇ ಆಗಬೇಕಂತೆ. "ತಾಮ್ರ ಅಂದ್ರ ಮಡಿಗೆ ಬರ್ತದಲ್ರೀ, ಆಂಟಿ?" ಅಂದ ಕುಲಕರ್ಣಿ, ನನ್ನ ಮುಖ ನೋಡಿ. ನಾನು ನಗಲಿಲ್ಲ. ಇವತ್ತಿಗೂ ಆ ಮಾತು ನೆನೆಸ್ಕೊಂಡ್ರೆ ನಗು ಬರುತ್ತೆ, ಆದ್ರೆ ಅವನ ಎದುರಿಗೆ ನಗಲಿಲ್ಲ.

ಇಬ್ಬರೂ ಒಟ್ಟಿಗೇ ಕೂಗೋದು ನನಗೆ ತಡೆಯಲಿಲ್ಲ. ನಮ್ಮ ಶಾಲೆಯ ಡಿಬೇಟಿನಲ್ಲಿ ಒಬ್ಬೊಬ್ಬರಿಗೆ ನಾಲ್ಕು ನಿಮಿಷ, ಗಂಟೆ ಹೊಡೆದ್ರೆ ಕೂತ್ಕೋಬೇಕು, ವಾಕ್ಯ ಅರ್ಧ ಆಗಿದ್ರೂ ಕೂತ್ಕೋಬೇಕು. ಪೂಜೆ ಗಂಟೆ ತಂದೆ. ಗುಂಡಿನ ಮಾತಿಗೆ ದೇವರ ಗಂಟೆ ಬೇಡ ಅತ್ತೆ ಅಂದಳು ವಸುಧೆ, ಅದೂ ಸರಿ ಅನ್ನಿಸ್ತು, ಲೋಟ ಚಮಚ ತಗೊಂಡು ಕೂತೆ. ಟಣ್ ಅಂದ್ರೆ ಗಿರೀಶ, ಟಣ್ ಅಂದ್ರೆ ಕುಲಕರ್ಣಿ. ಶಿಸ್ತು ಬಂತು, ತೀರ್ಮಾನ ಬರಲಿಲ್ಲ. ಶನಿವಾರದ ಸಭೆ ಭಾನುವಾರಕ್ಕೂ ಬೆಳೀತು, ಆಮೇಲೆ ವಾರದ ದಿನಗಳಲ್ಲಿ ಫೋನಿನಲ್ಲಿ. ಒಂದು ಸಂಜೆ ವಸುಧೆ, ಆಗ ಎಂಟನೇ ತಿಂಗಳಿರಬೇಕು, ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತು ಕೇಳಿದಳು, "ಅದು ಬಿತ್ತು ಅಂತಲೇ ಇಟ್ಕೊಳ್ಳಿ. ಚರ್ಮ ಯಾರು ಸುಲೀತೀರ?"

ಇಬ್ಬರೂ ಅವಲಕ್ಕಿ ತಟ್ಟೆ ನೋಡಿದ್ರು. "ಅದು ನೆಕ್ಸ್ಟ್ ಫೇಸ್ ಅದ, ವೈನಿ" ಅಂದ ಕುಲಕರ್ಣಿ.

"ಆಂಟೆನಾ ಲೆಕ್ಕ ಯಾವ ಫೇಸು?" ಅಂತ ಇನ್ನೊಂದು ಕೇಳಿದಳು. ಗಿರೀಶ, ಕಳಿಸ್ತೀನಿ ಕಳಿಸ್ತೀನಿ ಅಂದ. ಕೊನೇ ದಿನ ಕಳಿಸ್ದ, ಮಧ್ಯಾಹ್ನ ಊಟದ ಹೊತ್ತಿಗೆ ಲೆಕ್ಕಕ್ಕೆ ಕೂತು ಸಂಜೆ ಕಾಫಿಗೆ ಎದ್ದ.

ಆ ನವೆಂಬರ್ ಶನಿವಾರ ಕತ್ತಲಿರುವಾಗಲೇ ಹೊರಟರು. ಕುಲಕರ್ಣಿ ಡ್ರೈವ್ ಮಾಡ್ದ, ಅವನಿಗೆ ಬೇಟೆ ಲೈಸೆನ್ಸೂ ಇಲ್ಲ ಬಂದೂಕೂ ಇಲ್ಲ, ನೋಡೋಕೆ ಅಂತ. ಕೊನೆಗೂ ಸಿಕ್ಕಿದ್ದು ಚಿಕ್ಕ ಗುಂಡಿನ ಒಂದೇ ಡಬ್ಬಿ. ಅಂಗಡಿಯಲ್ಲಿ ಬೇರೇದು ಇರಲಿಲ್ಲ, ಗಿರೀಶ ಅದನ್ನ ತನ್ನ ವಾದದ ಗೆಲುವು ಅಂತ ತಿಳ್ಕೊಂಡ. ಮುಂದಿನದು ಕುಲಕರ್ಣಿ ಬಾಯಿಂದ ಕೇಳಿದ್ದು, ಗಿರೀಶ ಅದರಲ್ಲಿ ಒಂದು ಅಕ್ಷರಾನೂ ಅಲ್ಲಗಳೆದಿಲ್ಲ. ಸ್ಯಾನ್ ಡಿಯಾಗೋದ ಪೂರ್ವಕ್ಕೆ ಗುಡ್ಡ, ಓಕ್ ಮರಗಳು, ಒಂದು ಬಂಡೆ. ಬಂಡೆ ಹಿಂದೆ ವಾಲ್ಟ್, ಪಕ್ಕದಲ್ಲಿ ಗಿರೀಶ, ಬೆನ್ನ ಹಿಂದೆ ಕುಲಕರ್ಣಿ. ಬೆಳಕು ಆಗ್ತಾ ಇದೆ. ಕೆಳಗಿನ ಹುಲ್ಲಿಗೆ ಒಂದು ಗಂಡು ಜಿಂಕೆ ಬಂತಂತೆ, ಕತ್ತೆ ಕಿವಿಯಷ್ಟು ದೊಡ್ಡ ಕಿವಿ, ದೊಡ್ಡ ಕೊಂಬು. ಮೊದಲ ಸಲ ಬಂದವನಿಗೆ ಮೊದಲ ಗುಂಡು ಅಂತ ವಾಲ್ಟ್ ಸನ್ನೆ ಮಾಡಿ, ಕಿವಿ ಹತ್ತಿರ ಬಾಗಿ, ಯಾವ ಗುಂಡು ಲೋಡ್ ಮಾಡಿದೀಯಾ ಅಂದ್ರು. ಅಷ್ಟೇ ಕೇಳಿದ್ದು. ಒಂದು ಪದದ ಉತ್ತರ ಸಾಕಿತ್ತು. ಗಿರೀಶ ಪಿಸುಮಾತಿನಲ್ಲಿ ಶುರು ಮಾಡ್ದ, ಈ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ ಅಂತ. ವೇಗ ಹೇಳ್ದ, ತಾಮ್ರ ಹೇಳ್ದ, ಸಾಬೂನು ಹೇಳ್ದ. ಕಲ್ಲಂಗಡಿ ಬಿಟ್ಟುಬಿಟ್ಟ ಅಂತ ಹಿಂದಿನಿಂದ ಕುಲಕರ್ಣಿ ತಿದ್ದಿದ. ಇವನು ತಿರುಗಿ ಕನ್ನಡದಲ್ಲಿ ಉತ್ತರ ಕೊಟ್ಟ. ಅವನು ಜೋರಾಗಿ ಪ್ರತ್ಯುತ್ತರ ಕೊಟ್ಟ. ಲೋಟ ಬಾರಿಸೋಕೆ ನಾನಿರಲಿಲ್ಲ. ಜಿಂಕೆ ತಲೆ ಎತ್ತಿ ಎರಡೂ ಪಕ್ಷ ಕೇಳ್ತಂತೆ, ಅವಸರವೇ ಮಾಡದೆ ಗುಡ್ಡದ ಆಚೆ ಇಳಿದು ಹೋಯ್ತಂತೆ.

ವಾಲ್ಟ್ ಕೋಪ ಮಾಡ್ಲಿಲ್ಲ. ತಮ್ಮ ಬಂದೂಕಿನ ಗುಂಡು ತೆಗೆದು ಜೇಬಿಗೆ ಹಾಕ್ಕೊಂಡು ಕೇಳಿದ್ರು, "ನೀನು ಯಾವತ್ತಾದ್ರೂ ಪ್ರಾಣಿಗೆ ಹೊಡೆದಿದೀಯಾ?"

"ಹೊಡೆಯೋದಿರಲಿ, ತಿಂದೂ ಇಲ್ಲ."

"ಮತ್ಯಾಕೆ ಬಂದೆ?"

"ನೀವು ಬಾ ಅಂದ್ರಿ. ನನಗೆ ಈ ಕೆಲಸ ಬೇಕು. ಜನವರಿಯಲ್ಲಿ ನನ್ನ ಹೆಂಡತಿಗೆ ಹೆರಿಗೆ."

ವಾಲ್ಟ್ ಬಂಡೆಗೆ ಒರಗಿ ಕೂತ್ರಂತೆ. ಆಮೇಲೆ ಹೇಳಿದ್ರಂತೆ, ಇಂಟರ್‌ವ್ಯೂ ದಿನ ಉಳಿದಿಬ್ಬರು ಬರೋವರೆಗೆ ಏನಾದ್ರೂ ಮಾತಾಡಬೇಕಿತ್ತು, ಅದಕ್ಕೆ ಕೇಳಿದೆ ಅಂತ. ಬಾ ಅಂದಿದ್ದು ಮರ್ಯಾದೆಗೆ, ನೀನು ದಿನ ಕೇಳಿ ಬರೆದಾಗ ಬೇಡ ಅನ್ನೋಕೆ ಬಾಯಿ ಬರಲಿಲ್ಲ ಅಂತ. ಆ ಸೀಟಿಗೆ ಹೋದ ವಾರವೇ ಇನ್ನೊಬ್ಬರನ್ನ ತಗೊಂಡಾಗಿದೆ, ನಿನ್ನ ಲೆಕ್ಕ ಅರ್ಧಕ್ಕೇ ನಿಂತಿತ್ತು, ಆಫೀಸಿನವರು ನಿನಗೆ ತಿಳಿಸಿರ್ತಾರೆ, ಗೊತ್ತಿದ್ದೂ ಬರೀ ಜಿಂಕೆ ಆಸೆಗೆ ಬಂದಿದೀಯಾ ಅಂದ್ಕೊಂಡೆ ಅಂತ. ನೋಡಿ, ಇವನಿಗೆ ಇಲ್ಲ ಅನ್ನೋಕೆ ಭಯ, ಅವರಿಗೆ ಬೇಡ ಅನ್ನೋಕೆ ಸಂಕೋಚ. ಇಬ್ಬರು ದೊಡ್ಡ ಗಂಡಸರು ಚಳಿಯಲ್ಲಿ ಬಂಡೆ ಹಿಂದೆ ಕೂತಿದ್ದು ಇಷ್ಟಕ್ಕೆ. ಆ ಫೋಟೋ ಜಿಂಕೆ ಬರೋಕ್ಕೆ ಮುಂಚೆ ಕುಲಕರ್ಣಿ ತೆಗೆದಿದ್ದು, ಅದಕ್ಕೇ ನಗ್ತಿದಾನೆ.

ಮನೆಗೆ ಬಂದು ಹೆಂಡತಿ ಎದುರು ನಿಂತು ಇದ್ದಿದ್ದು ಇದ್ದ ಹಾಗೆ ಹೇಳ್ದ. ವಸುಧೆ ಅಳಲಿಲ್ಲ, ಕೂಗಾಡಲಿಲ್ಲ. ಸ್ನಾನ ಮಾಡ್ಕೊಂಡು ಬಾ, ಊಟ ಆರುತ್ತೆ ಅಂದಳು. ಬೈದಿದ್ರೆ ಅವನಿಗೆ ಹಗುರ ಆಗ್ತಿತ್ತು. ಆ ವಾರವೇ ಬಂದೂಕು ಅಂಗಡಿಗೆ ವಾಪಸ್ ಹೋಯ್ತು, ಇವನು ಏರ್‌ಪೋರ್ಟ್ ಹತ್ತಿರದ ಒಂದು ಪಾರ್ಸೆಲ್ ಗೋಡೌನಿಗೆ ಹೋದ. ಅಲ್ಲಿ ಕೆಲಸಕ್ಕೆ ಸೇರಿದ ದಿನದಿಂದಲೇ ಇನ್ಶೂರೆನ್ಸ್ ಅಂತ ಯಾರೋ ಹೇಳಿದ್ರು. ಅಲ್ಲಿದ್ದ ಹೆಂಗಸು ತಲೆ ಎತ್ತದೆ ಕೇಳಿದಳಂತೆ, ಪೆಟ್ಟಿಗೆ ಎತ್ತೋ ಗಾಡಿ, ಫೋರ್ಕ್‌ಲಿಫ್ಟ್ ಓಡಿಸಿದೀಯಾ?

"ಇಲ್ಲ" ಅಂದ.

ಕಲಿಸ್ತೀವಿ, ಸೋಮವಾರ ಬಾ ಅಂದಳಂತೆ. ಈಶಾನ, ನೀನು ಹುಟ್ಟಿದ್ದು ಆ ಗೋಡೌನಿನ ಇನ್ಶೂರೆನ್ಸ್ ಕಾರ್ಡ್ ತೋರಿಸಿ. ಡಾಕ್ಟರೇಟ್ ಮಾಡಿದ ನಿಮ್ಮಪ್ಪ ಒಂದೂವರೆ ವರ್ಷ ಪೆಟ್ಟಿಗೆ ಎತ್ತಿದ, ಮತ್ತೆ ಆಂಟೆನಾ ಕೆಲಸ ಸಿಗೋವರೆಗೆ, ಮುಖ ಸಿಂಡರಿಸ್ಕೊಳ್ಳದೆ. ಅದಕ್ಕೇ ಹೇಳೋದು, ಯಾರಾದ್ರೂ ಏನಾದ್ರೂ ಬರುತ್ತಾ ಅಂತ ಕೇಳಿದ್ರೆ, ಬರದಿದ್ರೆ ಇಲ್ಲ ಅನ್ನಿ. ಅದು ಚಿಕ್ಕ ಮಾತೇ. ಸಾಕಾಗುತ್ತೆ.