ಎರಡನೇ ಗೋಲ್‌ಕೀಪರ್‌ಗೆ ಶಾಲು

ಈ ಸಭೆಯ ಅಧ್ಯಕ್ಷತೆ ವಹಿಸಿ, ಪ್ರತಿಯೊಬ್ಬರ ಭಾಷಣಕ್ಕೂ ಮೊದಲು ಗಡಿಯಾರ ನೋಡಿಕೊಳ್ಳುವ ನಮ್ಮ ಶ್ರೀನಿ ಸಾರ್ ಅವರೇ, ಐರೋಲಿಯ ಆಫೀಸಿಗೆ ರಜೆ ಹಾಕಿ ಬಂದ ಮುಖ್ಯ ಅತಿಥಿ ಪ್ರಕೃತಿ ಮೇಡಂ ಅವರೇ, ಸಂಘದ ಕಾರ್ಯದರ್ಶಿ ಹರಿಶ್ಚಂದ್ರರೇ, ರೈಲು ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ದರೂ ಕಲ್ಯಾಣದಿಂದ, ಠಾಣೆಯಿಂದ, ನವಿ ಮುಂಬೈಯಿಂದ ಡೊಂಬಿವಲಿಯ ಈ ಸಭಾಗೃಹಕ್ಕೆ ಬಂದು ಸೇರಿರುವ ಸಭಿಕರೇ, ಮತ್ತು ಸಭಿಕರೆಲ್ಲರ ಹಿಂದೆ, ಬಾಗಿಲ ಪಕ್ಕದಲ್ಲಿ ಇನ್ನೂ ಕೂರದೆ ನಿಂತಿರುವ ನನ್ನ ಮಗ ಕೀರ್ತನನೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾನು ಕೋಪರಖೈರಣೆಯಲ್ಲಿ ಹೋಟೆಲು ನಡೆಸುವವನು. ನಮ್ಮಲ್ಲಿ "ಮಸಾಲೆ ದೋಸೆ, ಐದು ನಿಮಿಷ" ಎಂದರೆ ಎಷ್ಟು ಹೊತ್ತು ಎಂಬುದು ನಿಮಗೆಲ್ಲ ಗೊತ್ತಿದೆ. ದಯವಿಟ್ಟು ಅದೇ ಲೆಕ್ಕದಲ್ಲಿ ನನ್ನನ್ನು ಸಹಿಸಿಕೊಳ್ಳಬೇಕು.

ನಮ್ಮ ಸಂಘದ ಪದ್ಧತಿ ನಿಮಗೆ ತಿಳಿದದ್ದೇ. ಕಿರಿಯರಿಗೆ ಸನ್ಮಾನ ಮಾಡುವ ಮೊದಲು ಮನೆಯ ಹಿರಿಯರು ನಾಲ್ಕು ಮಾತು ಆಡಬೇಕು. ಆಮೇಲೆ ಹೆಸರು ಕರೆಯುತ್ತಾರೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಫಲಕ. ಇವತ್ತಿನ ಫಲಕವನ್ನು ಹರಿಶ್ಚಂದ್ರರು ನನಗೆ ಮೊದಲೇ ತೋರಿಸಿದರು. ಅದರಲ್ಲಿ "ಏಷ್ಯಾ ಕಪ್ ಗೆದ್ದ ವೀರ ಕನ್ನಡಿಗ" ಎಂದು ಬಂಗಾರದ ಅಕ್ಷರದಲ್ಲಿ ಬರೆಸಿದ್ದಾರೆ. ಅಕ್ಷರ ಬಹಳ ಚೆನ್ನಾಗಿದೆ.

ಆದರೆ ನನ್ನ ಮಗ ಬೆಳಿಗ್ಗೆ ಮನೆಯಲ್ಲಿ ಒಂದು ಷರತ್ತು ಹಾಕಿದ್ದಾನೆ. ನಾವು ತುಳುವಿನಲ್ಲಿ ಕೇಳಿದರೆ ಅವನು ಹಿಂದಿಯಲ್ಲಿ ಉತ್ತರ ಕೊಡುವವನು. "ಪಪ್ಪಾ, ಪೆಹಲೆ ಸಚ್ ಬೋಲೋ. ನಹೀಂ ತೋ ಮೈಂ ಸ್ಟೇಜ್ ಪೆ ನಹೀಂ ಆವೂಂಗಾ" ಎಂದ. ಅಪ್ಪ ಮೊದಲು ನಿಜ ಹೇಳಬೇಕು, ಇಲ್ಲದಿದ್ದರೆ ಅವನು ವೇದಿಕೆ ಹತ್ತುವುದಿಲ್ಲ. ಅದಕ್ಕೇ ಬಾಗಿಲಲ್ಲಿ ನಿಂತಿದ್ದಾನೆ. ಅಲ್ಲಿಂದ ಸ್ಟೇಷನ್ನು ಹತ್ತಿರ.

ಹೇಳುತ್ತೇನೆ ಮಗಾ. ಹೇಳುವುದಕ್ಕೇ ಬಂದಿದ್ದೇನೆ.

ಮೊದಲನೆಯದಾಗಿ, ಅದು ಏಷ್ಯಾ ಕಪ್ ಅಲ್ಲ, ಫುಟ್‌ಬಾಲಿನ ಎಎಫ್‌ಸಿ ಕಪ್. ಏಷ್ಯಾ ಕಪ್ ದೇಶದೇಶಗಳ ನಡುವೆ ನಡೆಯುವುದು. ಇದು ಕ್ಲಬ್‌ಗಳದ್ದು. ಅದರಲ್ಲೂ ಜಪಾನು, ಕೊರಿಯಾದಂಥ ದೊಡ್ಡವರ ಕ್ಲಬ್‌ಗಳಿಗೆ ಬೇರೆ ಪಂದ್ಯಾವಳಿ ಇದೆ. ಫುಟ್‌ಬಾಲಿನಲ್ಲಿ ಈಗಷ್ಟೇ ಮೇಲೆ ಬರುತ್ತಿರುವ ನಮ್ಮಂಥ ದೇಶಗಳ ಕ್ಲಬ್‌ಗಳಿಗೆ ಈ ಕಪ್. ಹೋಟೆಲಿನಲ್ಲಿ ಕೂರಲು ಎ.ಸಿ. ಹಾಲ್, ಸಾದಾ ಹಾಲ್ ಇರುವುದಿಲ್ಲವೇ? ಹಾಗೆ. ಇದನ್ನು ಕೇಳಿ ಯಾರೂ ಮುಖ ಸಣ್ಣದು ಮಾಡಬೇಡಿ. ಹಸಿದು ಬರುವವರು ಹೆಚ್ಚಾಗಿ ಸಾದಾ ಹಾಲ್‌ಗೇ ಬರುತ್ತಾರೆ. ಮಾಲ್ದೀವ್ಸ್‌ನವರು, ಮ್ಯಾನ್ಮಾರಿನವರು ಈ ಕಪ್‌ಗಾಗಿ ಹೇಗೆ ಓಡುತ್ತಾರೆಂದು ನಾನು ನೋಡಿದ್ದೇನೆ. ನಾವು ಮುಂಬೈ ಕನ್ನಡಿಗರೂ ಹಾಗೆ ಓಡಿಯೇ ಇಲ್ಲಿಗೆ ಬಂದವರಲ್ಲವೇ?

ಎರಡನೆಯದಾಗಿ, ಅವನ ಕ್ಲಬ್ಬು ಕಪ್ ಗೆಲ್ಲಲಿಲ್ಲ. ಗುಂಪಿನಲ್ಲಿ ಚೆನ್ನಾಗಿ ಆಡಿ, ಕೊನೆಯ ಹದಿನಾರು ತಂಡಗಳಲ್ಲಿ ಒಂದಾಗಿ, ಅಲ್ಲಿ ಸೋತಿತು. ಹಾಗಾದರೆ ಫಲಕದಲ್ಲಿ ಹೀಗೇಕೆ ಬಂತು? ಹರಿಶ್ಚಂದ್ರರ ತಪ್ಪಿಲ್ಲ. ಅವರು ಮಧ್ಯಾಹ್ನ ಊಟದ ರಶ್ಶಿನಲ್ಲಿ ಫೋನು ಮಾಡಿದರು. ನಾನು "ಏಷ್ಯಾದ ಕಪ್ಪಿನಲ್ಲಿದ್ದಾನೆ" ಎಂದೆ, ಅಷ್ಟೇ. ನಮ್ಮವರಲ್ಲಿ "ಬ್ಯಾಂಕಿನಲ್ಲಿದ್ದಾನೆ" ಎಂದರೆ ಮ್ಯಾನೇಜರು, "ಹೋಟೆಲಿನಲ್ಲಿದ್ದಾನೆ" ಎಂದರೆ ಮಾಲೀಕ, "ಕಪ್ಪಿನಲ್ಲಿದ್ದಾನೆ" ಎಂದರೆ ಗೆದ್ದೇ ಬಿಟ್ಟ. ಇದು ನಮ್ಮ ಪ್ರೀತಿಯ ಗುಣಾಕಾರ.

ಚಪ್ಪಾಳೆಗೆ ಧನ್ಯವಾದ. ಆದರೆ ಅವನು ಇನ್ನೂ ಕೂರಲಿಲ್ಲ, ನೋಡಿ. ನಾನು ಅರ್ಧವೇ ಹೇಳಿದ್ದೇನೆಂದು ಅವನಿಗೆ ಗೊತ್ತಿದೆ.

ಉಳಿದರ್ಧ ಹೇಳುವ ಮೊದಲು, ಅವನು ಗೋಲ್‌ಕೀಪರ್ ಆದದ್ದು ಹೇಗೆಂದು ಹೇಳಲು ಅಪ್ಪಣೆ ಬೇಡುತ್ತೇನೆ. ವಾಶಿ ಮಾರ್ಕೆಟ್ಟಿನಿಂದ ನಮ್ಮ ಟೆಂಪೊ ಬಂದಾಗ ತೆಂಗಿನಕಾಯಿಗಳನ್ನು ಹೊತ್ತು ಇಳಿಸುವುದಿಲ್ಲ. ಒಬ್ಬ ಮೇಲಿನಿಂದ ಎಸೆಯುತ್ತಾನೆ, ಒಬ್ಬ ಕೆಳಗೆ ಹಿಡಿಯುತ್ತಾನೆ. ಎಸೆಯುವವನು ನಮ್ಮ ಹೋಟೆಲಿನ ಕೆಲಸದ ಅಂಗಾರ. ಅವನ ಕೈಯೋ, ಮಾತಾಡುತ್ತಾ ಎಸೆದರೆ ಕಾಯಿ ಎಲ್ಲಿಗಾದರೂ ಹೋದೀತು. ಶಾಲೆಗೆ ಹೋಗುವ ಮೊದಲು ಕೀರ್ತನ್ ಕೆಳಗೆ ನಿಂತು ಆ ಕಾಯಿಗಳನ್ನು ಹಾರಿ ಹಾರಿ ಹಿಡಿಯುತ್ತಿದ್ದ. ನಾನು ಗಲ್ಲೆಯಲ್ಲಿ, ಹಣದ ಪೆಟ್ಟಿಗೆಯ ಮುಂದೆ ಕುಳಿತು "ಒಡೆದರೆ ಚಟ್ನಿಗೆ ನೀನೇ" ಎಂದು ಕೂಗುತ್ತಿದ್ದೆ. ಒಂದೂ ಒಡೆಯಲಿಲ್ಲ. ಆ ಕಾಲದಲ್ಲಿ ಅದನ್ನು ಪ್ರತಿಭೆ ಎಂದು ನಾನು ತಿಳಿಯಲಿಲ್ಲ, ಕಾಯಿ ಉಳಿಯಿತು ಎಂದುಕೊಂಡೆ.

ಮೈದಾನದಲ್ಲಿ ಅವನಿಗೆ ಸಿಕ್ಕವನು ನಿತಿನ್ ಭೋಯಿರ್. ವಿಠ್ಠಲವಾಡಿಯ ಹುಡುಗ, ಅವನೂ ಗೋಲ್‌ಕೀಪರೇ. ಭಾನುವಾರ ಅಭ್ಯಾಸ ಮುಗಿಸಿ ಇಬ್ಬರೂ ಮೈಯೆಲ್ಲ ಕೆಸರು ಮಾಡಿಕೊಂಡು ಹೋಟೆಲಿಗೆ ಬರುತ್ತಿದ್ದರು. "ಕಾಕಾ, ಚಟ್ನಿ ಜಾಸ್ತ್ ಹಾಂ" ಎಂದು ಭೋಯಿರ್ ಒಳಗೆ ಬರುವ ಮೊದಲೇ ಕೂಗುತ್ತಿದ್ದ. ನನ್ನ ಹೆಂಡತಿ ರತ್ನಾವತಿ ಅವನಿಗೆ ಕೈಕಾಲು ತೊಳೆಸಿಯೇ ತಟ್ಟೆ ಕೊಡುತ್ತಿದ್ದಳು. ದೊಡ್ಡವರಾದ ಮೇಲೆ ಗೋವಾದ ಒಂದು ಕ್ಲಬ್ಬು ಇಬ್ಬರನ್ನೂ ತೆಗೆದುಕೊಂಡಿತು. ನಾನು ಹೋಟೆಲಿನಲ್ಲೆಲ್ಲ ಶಿರಾ ಹಂಚಿದೆ.

ಆದರೆ ಸಭಿಕರೇ, ಒಂದು ಗೋಲಿಗೆ ಎಷ್ಟು ಜನ ಗೋಲ್‌ಕೀಪರ್ ನಿಲ್ಲುತ್ತಾರೆ? ಮುಂದೆ ಓಡಾಡುವ ಆಟಗಾರ ಬಳಲಿದರೆ ಬದಲಿಸುತ್ತಾರೆ. ಗೋಲ್‌ಕೀಪರನನ್ನು ಗಾಯವಾಗಿ ಬಿದ್ದರೆ ಮಾತ್ರ ಬದಲಿಸುತ್ತಾರೆ. ಮೊದಲನೆಯವನು ಭೋಯಿರ್. ನನ್ನ ಮಗ ಎರಡನೆಯವನು.

ಗಿರಾಕಿಗಳು ಕೇಳುತ್ತಿದ್ದರು, "ಲೀಲಾಧರಣ್ಣ, ಮಗ ಯಾವಾಗ ಆಡುವುದು?" ನೀವೂ ಕೇಳಿದ್ದೀರಿ, ಮುಂದಿನ ಸಾಲಿನಲ್ಲಿಯೇ ಇದ್ದೀರಿ. ನಾನು "ಮುಂದಿನ ಮ್ಯಾಚು" ಎನ್ನುತ್ತಿದ್ದೆ. ಹೇಳಿ ಹೇಳಿ ನನಗೇ ಸಾಕಾಯಿತು. ಕೊನೆಗೆ ಊರ ದೇವಿಗೆ ಒಂದು ಹೂವಿನ ಪೂಜೆಯ ಹರಕೆ ಹೇಳಿಕೊಂಡೆ. ಮಗನಿಗೆ ಒಳ್ಳೆಯದಾಗಲಿ ಎಂದಲ್ಲ. ಮೊದಲಿನವನಿಗೆ ಸ್ವಲ್ಪ ಕಾಲು ಉಳುಕಲಿ ಎಂದು. ದೊಡ್ಡದಾಗಿ ಅಲ್ಲ ತಾಯೀ, ಒಂದು ವಾರದಲ್ಲಿ ಗುಣವಾಗುವಂಥದ್ದು.

ಇದನ್ನು ಇಲ್ಲಿ ಹೇಳಬೇಕೆಂದು ನಾನು ಬಂದಿರಲಿಲ್ಲ. ಬಾಯಿ ಜಾರಿತು. ರತ್ನಾವತಿ ಮೂರನೇ ಸಾಲಿನಿಂದ ನನ್ನನ್ನು ನೋಡುತ್ತಿದ್ದಾಳೆ. ಅವಳಿಗೂ ಈಗಲೇ ಗೊತ್ತಾದದ್ದು.

ಆ ಸೋತ ಪಂದ್ಯ ನಡೆದದ್ದು ಎದುರಾಳಿಯ ದೇಶದಲ್ಲಿ. ಸಂಜೆ, ಚಹಾದ ಹೊತ್ತು. ಗಲ್ಲೆಯ ಮೇಲೆ ಕಂಪ್ಯೂಟರ್ ಇಟ್ಟು, ಕುಂಟುತ್ತಾ ಬರುವ ಪ್ರಸಾರ ನೋಡುತ್ತಿದ್ದೆ. ಆಟ ಸಮವಾಗಿ, ಹೆಚ್ಚಿನ ಸಮಯಕ್ಕೆ ಹೋಯಿತು. ಬದಲಿ ಆಟಗಾರರು ಗೋಲಿನ ಹಿಂದೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು, ಅವರಲ್ಲಿ ಕೀರ್ತನ್ ಇದ್ದ. ಆಗ ಭೋಯಿರ್ ಒಂದು ಚೆಂಡಿಗೆ ಹಾರಿ ಬಿದ್ದ. ಬಿದ್ದವನು ಏಳಲಿಲ್ಲ. ಕಾಲು ಹಿಡಿದುಕೊಂಡು ಗೋಲುಕಂಬದ ಬುಡದಲ್ಲಿ ಉರುಳುತ್ತಿದ್ದ. ಕೋಚ್ ಹತ್ತಿರ ಒಬ್ಬನನ್ನು ಬದಲಿಸುವ ಅವಕಾಶ ಇನ್ನೂ ಉಳಿದಿತ್ತು.

ನಾನು ಕೈ ಮುಗಿದೆ. ಸಭಿಕರೇ, ನಮ್ಮ ಹೋಟೆಲಿನ ಚಟ್ನಿ ತಿಂದು ಬೆಳೆದ ಹುಡುಗ ನೋವಿನಲ್ಲಿ ಒದ್ದಾಡುತ್ತಿದ್ದಾಗ ನಾನು ಕೈ ಮುಗಿದೆ.

ಡಾಕ್ಟರು ಇನ್ನೂ ಆ ಕಡೆಯಿಂದ ಓಡಿ ಬರುತ್ತಿದ್ದರು. ಅಷ್ಟರಲ್ಲಿ ಕೀರ್ತನ್ ಗೆರೆ ದಾಟಿ ನುಗ್ಗಿದ. ಬದಲಿಯವನು ಹಾಗೆ ಒಳಗೆ ಬರಬಾರದು, ರೆಫರಿ ಬೈದು ಹಳದಿ ಕಾರ್ಡು ತೋರಿಸಿದ. ಇವನು ತಲೆ ಎತ್ತಲೂ ಇಲ್ಲ. ಭೋಯಿರನ ಕಾಲನ್ನು ತನ್ನ ಎದೆಗೆ ಒತ್ತಿಕೊಂಡು, ಪಾದ ಹಿಂದಕ್ಕೆ ಬಾಗಿಸಿ, ಸೆಟೆದ ಮೀನಖಂಡ ತಿಕ್ಕಿದ. ತಿಕ್ಕಿ ತಿಕ್ಕಿ ಅವನನ್ನು ಎಬ್ಬಿಸಿ ನಿಲ್ಲಿಸಿದ. ನಿಲ್ಲಿಸಿ, ಬೆನ್ನಿಗೊಂದು ಗುದ್ದಿ, ಮತ್ತೆ ಗೆರೆಯ ಹೊರಗೆ ಹೋದ. ಭೋಯಿರ್ ಕೊನೆಯವರೆಗೂ ಆಡಿದ. ಪೆನಾಲ್ಟಿಯಲ್ಲಿ ತಂಡ ಸೋತಿತು.

ಮನೆಗೆ ಬಂದಾಗ ನಾನು ಕೇಳಿದೆ, ಇನ್ನೊಂದು ನಿಮಿಷ ಸುಮ್ಮನಿದ್ದರೆ ನೀನೇ ಒಳಗಿರುತ್ತಿದ್ದೆಯಲ್ಲ, ಯಾಕೆ ಎಬ್ಬಿಸಿದೆ? ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಪಪ್ಪಾ, ವೋ ಹಮಾರಾ ಗೋಲಿ ಹೈ" ಎಂದ. ಅವನು ನಮ್ಮ ಗೋಲ್‌ಕೀಪರ್ ಎಂದ. ಹೇಳಿ ಸ್ನಾನಕ್ಕೆ ಹೋದ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹೇಳಿಬಿಡುತ್ತೇನೆ. ನನ್ನ ಮಗ ಕೀರ್ತನ್ ಎಎಫ್‌ಸಿ ಕಪ್ಪಿನಲ್ಲಿ ಒಂದು ನಿಮಿಷವೂ ಆಡಿಲ್ಲ. ಒಂದು ಗೋಲನ್ನೂ ತಡೆದಿಲ್ಲ. ಅವನ ಹೆಸರಿನ ಮುಂದೆ ಉಳಿದಿರುವುದು ಒಂದು ಹಳದಿ ಕಾರ್ಡು. ಇದು ನಿಜ, ಇದು ಪೂರ್ತಿ ನಿಜ, ಮತ್ತು ಇದನ್ನು ಹೇಳಲು ನನಗೆ ನಾಚಿಕೆ ಇದೆ ಎಂದುಕೊಂಡು ಬಂದಿದ್ದೆ. ಇಲ್ಲ. ಹೇಳುತ್ತಾ ಹೇಳುತ್ತಾ ನನಗೆ ಇಷ್ಟು ಹೆಮ್ಮೆ ಎಲ್ಲಿಂದ ಬಂತೋ ಗೊತ್ತಿಲ್ಲ.

ಹರಿಶ್ಚಂದ್ರರೇ, ಫಲಕವನ್ನು ಚೀಲದೊಳಗೇ ಇಡಿ. ಶಾಲು ಹೊದಿಸಬೇಕೆಂದಿದ್ದರೆ, ಹಳದಿ ಕಾರ್ಡಿಗೆ ಹೊದಿಸಿ.

ಇನ್ನೊಂದು ಮಾತು. ಬಾಗಿಲ ಬಳಿ ಕೀರ್ತನನ ಪಕ್ಕದಲ್ಲಿ ಎತ್ತರದ ಒಬ್ಬ ಯುವಕ ನಿಂತಿದ್ದಾನೆ. ಅವನೇ ನಿತಿನ್ ಭೋಯಿರ್. ನಾವು ಯಾರೂ ಕರೆದಿರಲಿಲ್ಲ. ಮಿತ್ರನಿಗೆ ಸನ್ಮಾನವೆಂದು ಕೇಳಿ ತಾನೇ ಬಂದಿದ್ದಾನೆ. ಹೊರಗೆ ನನ್ನ ಕಾಲು ಮುಟ್ಟಿದ. ಶಾಲು ಹೊದಿಸುವ ಕೈ ಅವನದೇ ಆಗಲಿ ಎಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ.

ಅವನಿಗೆ ಕನ್ನಡ ಬರುವುದಿಲ್ಲ. ನಾನು ಹೇಳಿದ್ದನ್ನು ಪಕ್ಕದಲ್ಲಿರುವ ಯಾರಾದರೂ ಮರಾಠಿಯಲ್ಲಿ ತಿಳಿಸಿ. ಆ ಹೂವಿನ ಪೂಜೆಯ ವಿಷಯ ಒಂದನ್ನು ಬಿಟ್ಟು.

ಇಬ್ಬರೂ ಈ ಕಡೆಯೇ ಬರುತ್ತಿದ್ದಾರೆ. ದಯವಿಟ್ಟು ದಾರಿ ಬಿಡಿ, ಕುರ್ಚಿ ಸರಿಸಿ.

ಇಲ್ಲ, ಯಾರೂ ತಿಳಿಸುವುದು ಬೇಡ. ಅವನಿಗೆ ಆ ಪೂಜೆಯ ವಿಷಯವನ್ನೂ ನಾನೇ ಹೇಳುತ್ತೇನೆ, ನನ್ನ ಮುರುಕು ಮರಾಠಿಯಲ್ಲಿ, ಇಲ್ಲಿಯೇ, ಅವನು ಮೆಟ್ಟಿಲು ಹತ್ತಿ ಬಂದ ಕೂಡಲೇ. ಅದಕ್ಕೆ ಮೊದಲು, ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೂ ಕೃತಜ್ಞತೆ. ಮೈಕು ಬಂದ್ ಮಾಡಿ. ನಮಸ್ಕಾರ.