ಒಂದು ಚಿಂದಿಗೆ ಎರಡು ಕೈ

...ಅದಕ್ಕೇ ಹೇಳ್ತಿರೋದು, ಆ ಬ್ಯಾಗು ಕೆಳಗಿಡು ಲೋಹಿತಾ. ಹಿಂದೂಪುರಕ್ಕೆ ಹೋಗೋ ಬಸ್ಸು ಇದೊಂದೇ ಅಲ್ಲ. ಕೂತ್ಕೊ. ಹೊಸ್ತಿಲ ಮೇಲೆ ಬೇಡಮ್ಮ, ಇಲ್ಲಿ, ಚಾಪೆ ಮೇಲೆ. ನೀನೂ ನಾಕು ಹಣ್ಣು ಬಿಡಿಸು. ಹುಣಸೆ ಬೀಜ ತೆಗೀತಾ ಇದ್ರೆ ಎದೆ ಹಗುರಾಗುತ್ತೆ...

ಏನಂದೆ? ನಿನ್ನ ಗಂಡನ ಸ್ನೇಹಿತ, ಆ ಕಿರಣ್ ಕುಮಾರ್, ಅವನನ್ನ ಹಿಂದೂಪುರದಲ್ಲಿ ನೋಡಿದನಂತಾ? ಮುಖ ನೋಡಿದನಾ? ಇಲ್ಲವಲ್ಲ! ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಬೆನ್ನು ನೋಡಿ ಇವನೇ ಪ್ರಭುದೇವ ಅಂದುಬಿಟ್ಟನಂತೆ. ನನ್ನ ಮಗನಂಥ ಬೆನ್ನು ಪಾವಗಡದ ಸಂತೆಯಲ್ಲಿ ಗಾಡಿಗಟ್ಟಲೆ ಸಿಗುತ್ತೆ. ಯಾಕೆ ನಗ್ತೀಯ? ...ಓ, ನಗ್ತಿಲ್ಲ. ತಗೋ, ಈ ಸೆರಗಲ್ಲೇ ಒರೆಸ್ಕೊ. ಅಯ್ಯೋ, ಹುಣಸೆ ಕೈ, ಕಣ್ಣಿಗೆ ತಾಗೀತು, ಇರು ಇರು...

ಗೊತ್ತು. ಬರೀ ಬೆನ್ನು ನಂಬಿ ಹೊರಟವಳಲ್ಲ ನೀನು. ಅವನ ಖಾತೆ. ಅದೇ ತಾನೆ? ಮನೆ ಬಿಟ್ಟು ಹೋಗೋ ಮುಂಚೆ ಆ ಆಪು ನಿನ್ನ ಫೋನಿಗೂ ಹಾಕಿಕೊಟ್ಟಿದ್ದ. ಬಿಟ್‌ಕಾಯಿನ್ ಫ್ಯೂಚರ್ಸಿನಲ್ಲಿ, ಅದೇ ಮುಂದಿನ ರೇಟಿನ ಮೇಲೆ ಕಟ್ಟೋ ಬಾಜಿಯಲ್ಲಿ, ಅವನು ಹಾಕಿದ ಪೊಸಿಷನ್ನು ಇನ್ನೂ ಓಪನ್, ಮುಗಿದಿಲ್ಲ ಅಂತಲೇ ತೋರಿಸ್ತಿದೆ. ಆಗಾಗ ಹೆಚ್ಚಾಗುತ್ತೆ, ಕಮ್ಮಿಯಾಗುತ್ತೆ. ಅಲುಗಾಡಿಸೋ ಕೈ ಇಲ್ಲದೆ ಅಲುಗಾಡೀತಾ ಅತ್ತೆ ಅಂತೀಯ...

ನನಗೇನು ಗೊತ್ತಮ್ಮ! ಫೋನಿನಲ್ಲಿ ಹಸಿರು ಗುಂಡಿ ಒತ್ತಿ ಹಲೋ ಅನ್ನೋದು ಬಿಟ್ಟರೆ ನನಗೆ ಬೇರೇನೂ ಬರಲ್ಲ. ಆದರೆ ಓಪನ್ ಇಂಟರೆಸ್ಟ್ ಗೊತ್ತು. ಹುಬ್ಬು ಯಾಕೆ ಏರಿಸ್ತೀಯ? ಅವನೇ ಹೇಳಿಕೊಟ್ಟದ್ದು, ಇದೇ ಚಾಪೆ ಮೇಲೆ. ಅವನು ಅರ್ಧ ಹೇಳಿದ, ಉಳಿದದ್ದು ನಾನೇ ಹೇಳಿದೆ ಅವನಿಗೆ!

ನಾನು ಧಾರವಾಡದ ಕಡೆಯವಳು ತಾನೆ. ಮದುವೆಯಾಗಿ ಈ ಪುರವರಕ್ಕೆ ಬಂದಾಗ ನೋಡ್ತೀನಿ, ತೋಪಿನ ಹುಣಸೆ ಮರಗಳಿಗೆಲ್ಲ ಹಳೇ ಸೀರೆ ಚಿಂದಿ ಕಟ್ಟಿದಾರೆ. ದೆವ್ವಕ್ಕೆ ಕಟ್ಟಿರಬೇಕು ಅಂತ ಒಂದೊಂದು ಮರಕ್ಕೂ ಕೈ ಮುಗಿದುಕೊಂಡು ಹೋದೆ. ನಮ್ಮತ್ತೆ ಬಿದ್ದೂ ಬಿದ್ದೂ ನಕ್ಕರು. ಮರ ಹೂವು ಬಿಟ್ಟಾಗಲೇ ಮಾತಾಗುತ್ತೆ ಅಲ್ಲವಾ, ಈ ಮರದ ಹಣ್ಣು ಇಷ್ಟಕ್ಕೆ ಅಂತ? ಮರದ ಯಜಮಾನ ಒಂದು ಕಡೆ, ಗುತ್ತಿಗೆದಾರ ಒಂದು ಕಡೆ. ಮಾತಾಯ್ತು ಅನ್ನೋದಕ್ಕೆ ಒಂದು ಚಿಂದಿ. ಹಣ್ಣು ಬಡಿದು, ಇಬ್ಬರದೂ ಚುಕ್ತಾ ಆದಮೇಲೆ ಬಿಚ್ಚೋದು.

ಅಷ್ಟೇ ಕಣಮ್ಮ ಓಪನ್ ಇಂಟರೆಸ್ಟ್. ಇನ್ನೂ ಬಿಚ್ಚದ ಚಿಂದಿಗಳ ಎಣಿಕೆ. ಮಧುಗಿರಿ ಮಂಡಿಯಲ್ಲಿ ದಿನವಿಡೀ ಕೂಗಾಡ್ತಾರಲ್ಲ, ಆ ಗದ್ದಲ, ದಿನದ ವ್ಯಾಪಾರ, ಬೇರೆ ಲೆಕ್ಕ. ಒಬ್ಬ ಗುತ್ತಿಗೆದಾರ ತನ್ನ ಮರ ಇನ್ನೊಬ್ಬನಿಗೆ ವಹಿಸಿದ ಅನ್ನು, ಚಿಂದಿ ಅದೇ ಚಿಂದಿ, ಎಣಿಕೆ ಹೆಚ್ಚಲ್ಲ. ಹೊಸಬರಿಬ್ಬರು ಬಂದು ಮಾತಾಡಿದರೆ ಹೆಚ್ಚುತ್ತೆ. ಇಬ್ಬರೂ ಕೈ ತೊಳೆದುಕೊಂಡರೆ ಇಳಿಯುತ್ತೆ. ಯಾರು ಗೆಲ್ತಾರೆ ಅಂತ ಚಿಂದಿ ಹೇಳುತ್ತಾ? ಹೇಳಲ್ಲ.

ಪ್ರಭುದೇವ ಎಡವಿದ್ದು ಅಲ್ಲೇ. ರೇಟು ಏರ್ತಿದೆ, ಓಪನ್ ಇಂಟರೆಸ್ಟೂ ಏರ್ತಿದೆ, ಅವ್ವಾ, ಲೋಕವೆಲ್ಲ ನನ್ನ ಕಡೆ ಇದೆ ಅಂತ ಕುಣಿದ. ಲೋ, ಒಂದು ಚಿಂದಿಗೆ ಎರಡು ಕೈ ಕಣೋ, ನಿನ್ನ ಕಡೆ ಎಷ್ಟು ಜನವೋ ಎದುರುಗಡೆಯೂ ಅಷ್ಟೇ ಕಟ್ಟಿಸ್ಕೊಂಡು ನಿಂತಿದಾರೆ ಅಂದೆ. ತೋಪಿನಲ್ಲಿ ಚಿಂದಿ ಜಾಸ್ತಿಯಾದಷ್ಟೂ ಗಾಳಿಗೆ ಹೆದರಬೇಕು ಅಂದೆ. ಕೇಳಿದನಾ? ಒಂದು ರಾತ್ರಿ ಗಾಳಿ ಬಂತು, ರೇಟು ಬಿತ್ತು. ಅವನ ಬಹುಪಾಲು ಚಿಂದಿ, ಕಟ್ಟಿದ ದುಡ್ಡು ಸಾಲದು ಅಂತ, ಆ ಆಪೇ ಹರಿದು ಹಾಕ್ತು, ಹೇಳದೆ ಕೇಳದೆ. ಒಂದೇ ಒಂದು ಸಣ್ಣದು ಉಳಿದಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆದ, ವಿಭೂತಿ ಹಚ್ಚಿಕೊಂಡ, ಚಪ್ಪಲಿ ಮೆಟ್ಟಿದ. ನಾನು ಮಂಡಿಗೆ ಹೊರಟ ಅಂದುಕೊಂಡೆ...

ಇಲ್ಲ, ನಾನು ಅಳ್ತಿಲ್ಲ. ಹುಣಸೆ ಪುಡಿ.

ಹನುಮಕ್ಕನ ಕಥೆ ಗೊತ್ತಾ ನಿನಗೆ? ಅವಳ ಗಂಡ ಓಬಳಪ್ಪ, ಅಡವಯ್ಯನವರ ಮರ ಗುತ್ತಿಗೆ ಹಿಡಿದು ಚಿಂದಿ ಕಟ್ಟಿ ಶಿರಾಕ್ಕೆ ಅಂತ ಹೋದವನು ಬರಲೇ ಇಲ್ಲ. ಚಿಂದಿ ಮಳೆಗೆ ಕೊಳೆತು ಬೀಳೋದು, ಅವಳು ಹೋಗಿ ಹೊಸದು ಕಟ್ಟೋಳು. ‘ಇನ್ನೂ ಮಾತು ಮುಗ್ದಿಲ್ಲ ಕಣಮ್ಮ, ಬತ್ತಾನೆ ಬುಡು’ ಅನ್ನೋಳು. ಹಣ್ಣು ಉದುರಿ ಇರುವೆ ತಿಂದರೂ ಅಡವಯ್ಯನವರು ಬಿಚ್ಚಿಸಲಿಲ್ಲ. ಮಾತು ಕೊಟ್ಟವನು ಬಾರದೆ ಬಿಚ್ಚಬಾರದು ಅಂತ ಇಲ್ಲಿಯ ರೂಢಿ. ಹೊಸ ಚಿಂದಿ ನೋಡಿದ ದಾರಿಹೋಕರು, ಓಬಳಪ್ಪ ಇಲ್ಲೇ ಎಲ್ಲೋ ಇದಾನೆ ಅಂತಲೇ ತಿಳಿದರು. ನಾನೂ ನಕ್ಕಿದ್ದೆ ಅವಳನ್ನ ನೋಡಿ. ಆಗ ವಯಸ್ಸಿತ್ತು, ನಗ್ತಿದ್ದೆ...

ಅದಕ್ಕೇ, ಹೋಗಬೇಡ. ಓಪನ್ ಅಂದ ಮಾತ್ರಕ್ಕೆ ಮನುಷ್ಯ ಇದಾನೆ ಅಂತಲ್ಲ. ಬಸುರಿ ನೀನು, ಯಾವ ಊರು ಅಂತ ಸುತ್ತುತೀಯ? ಹಿಂದೂಪುರ ಆಯ್ತು, ಆಮೇಲೆ ಅನಂತಪುರ, ಆಮೇಲೆ? ಹೆಚ್ಚುಕಮ್ಮಿ ಆಗೋದು ಆಪ್ ತಾನಾಗೇ ಮಾಡೋ ಕೆಲಸ ಇರಬೇಕು. ಯಂತ್ರ ಅದು! ಈವತ್ತು ಬೆಳಿಗ್ಗೆ ಕಾಲುಭಾಗ ಕಮ್ಮಿಯಾದದ್ದೂ ಹಂಗೇ, ಏನೋ ಒಂದು...

ಏನು?

ಯಾಕೆ ಹಂಗೆ ನೋಡ್ತೀಯ? ನೀನೇ ಹೇಳಿದೆಯಲ್ಲ, ಈಗ, ಬಂದ ತಕ್ಷಣ... ಹೇಳಲಿಲ್ಲವಾ? ಹೇಳಿದೆ ಅನ್ಸುತ್ತೆ ಕಣಮ್ಮ, ಮರೆತಿದ್ದೀಯ...

ಫೋನು ಯಾಕೆ ತೆಗೀತೀಯ? ಬೇಡ, ನಿಮ್ಮಣ್ಣ ಫೋನ್ ಮಾಡಿ ಬೈತಾನೆ ಅಂತ ನಿನ್ನೆಯಿಂದ ನೀನೇ ಆಫ್ ಮಾಡಿ... ನಿನ್ನೆಯಿಂದ... ಹೌದು. ನಿನ್ನೆಯಿಂದ ನೀನು ನೋಡೇ ಇಲ್ಲ.

ಲೋಹಿತಾ.

ಲೋಹಿತಾ, ನನ್ನ ಬೇಕಾದರೆ ಬೈಯಿ.

...ಅವನ ಫೋನು ಹುಣಸೆ ಗೋದಾಮಿನಲ್ಲಿ ಸಿಕ್ತು. ಮೂಟೆಗಳ ಸಂದಿಯಲ್ಲಿ. ಅವನು ಹೋದ ದಿನವೇ. ಬೀಳಿಸಿಕೊಂಡದ್ದಲ್ಲ, ಬಟ್ಟೆ ಸುತ್ತಿ ಇಟ್ಟಿದ್ದ. ಫೋನೇ ಬಿಟ್ಟು ಹೋದವನು ಎಲ್ಲಿ ಅಂತ ಯಾರನ್ನ ಕೇಳಲಿ ನಾನು? ನಿನಗೆ ಹೇಳೋಣ ಅಂತಲೇ ಬಂದೆ. ನೀನು ಆಗ ಊಟ ಬಿಟ್ಟು ಗೋಡೆಗೆ ತಿರುಗಿ ಮಲಗಿದ್ದೆ. ಅವನ ಆ ಆಪಿನಲ್ಲಿ ಏನೋ ಒತ್ತಿದೆ, ಅಷ್ಟೇ. ನೀನು ಎದ್ದು ಓಡಿ ಬಂದೆ, ‘ಅತ್ತೆ, ಅಲುಗಾಡ್ತು, ಇದಾರೆ!’ ಅಂದೆ. ಅವತ್ತು ತಟ್ಟೆ ತುಂಬ ಉಂಡೆ. ಆಮೇಲೆ ಹೆಂಗೆ ನಿಲ್ಲಿಸಲಿ?

ನಿಜ ಹೇಳಲಾ? ನಾನೇ ಒತ್ತಿರ್ತೀನಿ, ಆಮೇಲೆ ನೀನು ಬಂದು ಹೇಳ್ತೀಯ, ನನಗೂ ಒಂದು ಗಳಿಗೆ ಮೈ ಜುಮ್ಮನ್ನುತ್ತೆ... ಇದಾನೆ ಅಂತ. ನನ್ನ ಬೆರಳು ಅನ್ನೋದೇ ಮರೆತುಹೋಗುತ್ತೆ ಕಣಮ್ಮ.

ಬಸ್ಸಿನ ಹಾರನ್ನು. ಹೋಗ್ತೀಯಾ?

...ಕೈ ಯಾಕೆ ಚಾಚ್ತಿದ್ದೀಯ?

ಅವನ ಫೋನಾ? ಇಲ್ಲೇ ಇದೆ, ಮೊರದ ಕೆಳಗೆ. ತಗೋ. ಬಿಸಿ ಇದೆ, ಈಗಷ್ಟೇ ಚಾರ್ಜಿಂದ ತೆಗೆದದ್ದು. ವಿಭೂತಿ ಪಟ್ಟೆ ಹಂಗೆ ಬೆರಳೆತ್ತದೆ ಮೂರು ಗೆರೆ ಎಳೆದರೆ ಬೀಗ ತೆರೆಯುತ್ತೆ. ಕ್ಲೋಸ್ ಅನ್ನೋ ಗುಂಡಿ, ಚಿಂದಿ ಬಿಚ್ಚೋದು, ಕೆಳಗಿದೆ. ನನಗೆ ಗೊತ್ತು, ದಿನಾ ಅದರ ಪಕ್ಕದಲ್ಲೇ ಬೆರಳಾಡಿಸಿದೀನಿ. ಅಷ್ಟು ದೊಡ್ಡ ಎಣಿಕೆಯಲ್ಲಿ ಒಂದು ಚಿಂದಿ ಕಮ್ಮಿಯಾದರೆ ಲೋಕದಲ್ಲಿ ಯಾರಿಗೂ ತಿಳಿಯಲ್ಲ, ಲೋಹಿತಾ.

ತಡಿ. ನಾನು ಒಳಗೆ ಹೋಗ್ತೀನಿ. ಆಮೇಲೆ ಒತ್ತು.